ಓದುಗರ ಪ್ರಶ್ನೆ: ಒಂಟಿ ಗಿಟಾರಿಗೆ ಯಾವ ಡ್ರಮ್ ಮಷಿನ್?

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಹತ್ತು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದು, ಈಚೆಗೆ ನನ್ನದೇ ಆರೇಳು ಹಾಡುಗಳನ್ನು ಮನೆಯಲ್ಲಿ ರೆಕಾರ್ಡ್ ಮಾಡಲು ತೊಡಗಿದ್ದೇನೆ. ಲ್ಯಾಪ್‌ಟಾಪ್, ವಾದ್ಯದ ಸದ್ದನ್ನು ಅದಕ್ಕೆ ಮುಟ್ಟಿಸುವ ಎರಡು ಇನ್‌ಪುಟ್‌ಗಳ ಆಡಿಯೊ ಇಂಟರ್‌ಫೇಸ್ ಮತ್ತು ಹೆಡ್‌ಫೋನ್ ಇವೆ. ಮೆಟ್ರೊನೋಮ್‌ನ ಟಿಕ್ ಟಿಕ್ ಜೊತೆ ನುಡಿಸಿದರೆ ಹಾಡು ಒಣಒಣ ಎನ್ನಿಸುತ್ತದೆ. ಡ್ರಮ್ ಸೆಟ್ ತಂದು ಬಾರಿಸಿದರೆ ಮನೆ ಮಾಲೀಕರು ಸುಮ್ಮನಿರುವುದಿಲ್ಲ. ಡ್ರಮ್ ಮಷಿನ್ ಕೊಳ್ಳೋಣವೆಂದರೆ ಇನ್ನೂರು ಸದ್ದಿನದು, ಐನೂರು ಸದ್ದಿನದು ಎಂದು ಹೇಳಿ ತಲೆ ಕೆಡಿಸುತ್ತಾರೆ. ಆರ್ಕೆಸ್ಟ್ರಾದವರ ರಿದಂ ಪ್ಯಾಡ್ ಒಂದಿದ್ದರೆ ಸಾಕು ಎನ್ನುವುದು ಸ್ನೇಹಿತರೊಬ್ಬರ ಸಲಹೆ. 20,000 ರೂಪಾಯಿಗಳ ಒಳಗೆ ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಸ್ನೇಹಿತರ ಸಲಹೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಗೊಂದಲ ನಮ್ಮ ಊರಿನಲ್ಲಿ ಹಲವರಿಗಿದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ನಾವು ನೋಡುವ ರೋಲ್ಯಾಂಡ್ ಆಕ್ಟಾಪ್ಯಾಡ್ ಅಥವಾ ಎಸ್‌ಪಿಡಿ-20 ಮಾದರಿಯ ಪ್ಯಾಡ್ ಮೂಲತಃ ಒಂದು ವಾದ್ಯ. ಕೋಲಿನಿಂದ ಬಾರಿಸಿದರೆ ನುಡಿಯುತ್ತದೆ, ಕೈ ನಿಂತರೆ ಅದೂ ನಿಲ್ಲುತ್ತದೆ. ಅದನ್ನು ಹಿಡಿತಕ್ಕೆ ತಂದುಕೊಳ್ಳಲು ತಬಲಾ ಕಲಿತಷ್ಟೇ ಶ್ರಮ ಬೇಕು. ಡ್ರಮ್ ಮಷಿನ್ ಎಂದರೆ ನಾವು ಮೊದಲೇ ಬರೆದಿಟ್ಟ ತಾಳವನ್ನು ತಾನಾಗಿ ನುಡಿಸುತ್ತ ಹೋಗುವ ಸಾಧನ. ನಮ್ಮ ಸಂಗೀತ ಪಾಠದ ಮನೆಗಳಲ್ಲಿ ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಇರುತ್ತದಲ್ಲ, ಬೆಂಗಳೂರಿನ ರಾಡೆಲ್ ಸಂಸ್ಥೆಯ ತಾಳಮಾಲಾ, ಅದು ಇದೇ ಕುಲದ್ದು. ಗಿಟಾರ್ ನುಡಿಸುವವರ ಎರಡು ಕೈಗಳೂ ತಂತಿಯ ಮೇಲಿರುವುದರಿಂದ ನಿಮಗೆ ಬೇಕಾಗಿರುವುದು ಈ ಎರಡನೆಯ ಬಗೆಯದು.

ನೈಜ ಡ್ರಮ್‌ಗಳ ಸದ್ದನ್ನೇ ಡಿಜಿಟಲ್ ರೂಪದಲ್ಲಿ ಚಿಪ್ಪುಗಳಲ್ಲಿ ತುಂಬಿಕೊಂಡು ಬಂದ ಮೊದಲ ಡ್ರಮ್ ಮಷಿನ್, 1980ರ ಲಿನ್ ಎಲ್‌ಎಂ-1. ಅದನ್ನು ರೂಪಿಸಿದ ರೋಜರ್ ಲಿನ್ ಸ್ವತಃ ಗಿಟಾರ್ ವಾದಕರು. ಮೆಮೊರಿ ಚಿಪ್ಪುಗಳು ಆಗ ಎಷ್ಟು ದುಬಾರಿಯಾಗಿದ್ದವೆಂದರೆ ಬಹಳ ಹೊತ್ತು ಮೊಳಗುವ ಕ್ರ್ಯಾಶ್ ಸಿಂಬಲ್‌ಗೆ ಆ ಯಂತ್ರದಲ್ಲಿ ಜಾಗವೇ ಇರಲಿಲ್ಲ. ಇದ್ದದ್ದು ಬೆರಳೆಣಿಕೆಯ ಸದ್ದುಗಳು. ಆದರೂ ಅದು ಗೆದ್ದಿತು. ಏಕೆಂದರೆ ಹೊಡೆತಗಳನ್ನು ಲಯಕ್ಕೆ ಸರಿಯಾಗಿ ಕೂರಿಸುವುದು, ಬೇಕೆಂದಾಗ ಅವುಗಳಿಗೆ ತುಸು ಓಲಾಟ ಕೊಡುವುದು, ಬರೆದ ತುಣುಕುಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಇಡೀ ಹಾಡನ್ನಾಗಿ ಮಾಡುವುದು ಅದರಲ್ಲಿ ಸಾಧ್ಯವಿತ್ತು. ಆಯ್ಕೆಯ ಅಳತೆಗೋಲು ಇಂದಿಗೂ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಐನೂರು ಸದ್ದುಗಳಿರುವ ಯಂತ್ರ ತಂದರೂ ಒಂದು ಹಾಡಿನಲ್ಲಿ ನೀವು ಬಳಸುವುದು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಚಟ್ಟೆಂದು ನುಡಿಯುವ ಡ್ರಮ್), ಹೈ-ಹ್ಯಾಟ್ (ತೆರೆದು ಮುಚ್ಚುವ ಜೋಡಿ ಸಿಂಬಲ್), ಒಂದು ಕ್ರ್ಯಾಶ್, ಒಂದು ರೈಡ್ ಸಿಂಬಲ್, ಎರಡೋ ಮೂರೋ ಟಾಮ್ ಡ್ರಮ್. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಪಲ್ಲವಿಗೊಂದು ನಡೆ, ಚರಣಕ್ಕೊಂದು ನಡೆ, ನಡುವಿನ ಬಿಜಿಎಂಗೆ ಮತ್ತೊಂದು, ಒಂದರಿಂದ ಇನ್ನೊಂದಕ್ಕೆ ದಾಟುವಾಗ ಒಂದು ಫಿಲ್ (ನಡುವಿನ ಜಾಗ ತುಂಬುವ ಹೊಡೆತಗಳ ಚಿಕ್ಕ ಗೊಂಚಲು), ಇಷ್ಟನ್ನು ಹತ್ತು ಹದಿನೈದು ನಿಮಿಷಗಳಲ್ಲಿ ಜೋಡಿಸಲು ಆ ಯಂತ್ರ ಬಿಡುತ್ತದೆಯೇ? ನಾಳೆ ಚರಣವನ್ನು ನಾಲ್ಕು ಬಾರ್ (ತಾಳದ ಆವರ್ತ) ಹೆಚ್ಚಿಸಬೇಕೆನಿಸಿದರೆ ಎಲ್ಲವನ್ನೂ ಕೆಡವದೆ ಹೆಚ್ಚಿಸಬಹುದೇ?

ಇನ್ನು ನಿಮ್ಮ ಇಂಟರ್‌ಫೇಸಿನ ಎರಡು ಇನ್‌ಪುಟ್‌ಗಳ ಲೆಕ್ಕ. ಡ್ರಮ್ ಮಷಿನ್‌ನ ಸ್ಟೀರಿಯೊ ಔಟ್‌ಪುಟ್ ಎಡ ಬಲ ಸೇರಿ ಆ ಎರಡನ್ನೂ ಆಕ್ರಮಿಸುತ್ತದೆ. ಗಿಟಾರಿಗೆ ಜಾಗ ಉಳಿಯುವುದಿಲ್ಲ. ಡ್ರಮ್ ಅನ್ನು ಮೊದಲು ರೆಕಾರ್ಡ್ ಮಾಡಿಕೊಂಡು ಗಿಟಾರನ್ನು ಆಮೇಲೆ ನುಡಿಸಬಹುದು, ಅದು ತಪ್ಪಲ್ಲ. ಆದರೆ ಹಾಗೆ ರೆಕಾರ್ಡಾದ ಡ್ರಮ್‌ನಲ್ಲಿ ಕಿಕ್, ಸ್ನೇರ್, ಸಿಂಬಲ್ ಎಲ್ಲವೂ ಕಲಸಿದ ಹಿಟ್ಟಿನಂತೆ ಒಂದಾಗಿರುತ್ತವೆ. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಹೀಗೆಯೇ ಆಯಿತು. ಹೆಡ್‌ಫೋನ್‌ನಲ್ಲಿ ಕೇಳುತ್ತ ಸ್ನೇರ್ ಚೆನ್ನಾಗಿದೆ ಎಂದುಕೊಂಡು ಎರಡು ಗಿಟಾರ್, ಒಂದು ಬಾಸ್, ದನಿ ಎಲ್ಲವನ್ನೂ ಅದರ ಮೇಲೆ ಹಾಕಿದೆ. ಕೊನೆಗೆ ಸ್ಪೀಕರಿನಲ್ಲಿ ಹಚ್ಚಿ ಕೇಳಿದರೆ ಹಾಡುಗಾರಿಕೆಗಿಂತ ಸ್ನೇರೇ ಮುಂದೆ ನಿಂತಿದೆ. ಅದನ್ನು ತಗ್ಗಿಸಲು ಹೋದರೆ ಜೊತೆಗೆ ಕಿಕ್ಕೂ ತಗ್ಗುತ್ತದೆ. ಮತ್ತೆ ಮೊದಲಿನಿಂದ ರೆಕಾರ್ಡ್ ಮಾಡುವುದರ ಹೊರತು ದಾರಿಯಿರಲಿಲ್ಲ.

ಈ ತೊಂದರೆಗೆ ಪರಿಹಾರವಾಗಿರುವುದು 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತ ವ್ಯವಸ್ಥೆ. ಮಿಡಿಯಲ್ಲಿ ಸದ್ದು ಹರಿಯುವುದಿಲ್ಲ. ಯಾವ ಹೊಡೆತ, ಯಾವ ಗಳಿಗೆಯಲ್ಲಿ, ಎಷ್ಟು ಜೋರಾಗಿ ಎಂಬ ಸೂಚನೆ ಮಾತ್ರ ಹರಿಯುತ್ತದೆ. ಜನರಲ್ ಮಿಡಿ ಕ್ರಮದಲ್ಲಿ ಡ್ರಮ್‌ಗೆ 10ನೇ ಚಾನೆಲ್ ಮೀಸಲು. ಕಿಕ್‌ಗೆ 36, ಸ್ನೇರ್‌ಗೆ 38, ಮುಚ್ಚಿದ ಹೈ-ಹ್ಯಾಟ್‌ಗೆ 42, ತೆರೆದದ್ದಕ್ಕೆ 46 ಎಂಬ ಸಂಖ್ಯೆಗಳು ಹೆಚ್ಚಿನ ಸಾಧನಗಳಲ್ಲಿ ಒಂದೇ ಆಗಿರುತ್ತವೆ. ಹೀಗಾಗಿ ತಾಳವನ್ನು ಮಿಡಿಯಾಗಿ ಇಟ್ಟುಕೊಂಡರೆ ಗಿಟಾರ್ ಮತ್ತು ದನಿ ಎಲ್ಲ ಮುಗಿದ ಮೇಲೂ ಸ್ನೇರನ್ನು ಬದಲಿಸಬಹುದು, ಒಂದು ಹೊಡೆತವನ್ನು ಕಿತ್ತುಹಾಕಬಹುದು, ಇಡೀ ಡ್ರಮ್ ಸೆಟ್ಟನ್ನೇ ಬೇರೆಯದಾಗಿಸಬಹುದು. ಮಿಡಿ ಇಲ್ಲದ ಡ್ರಮ್ ಮಷಿನನ್ನು ಅಭ್ಯಾಸಕ್ಕೆ ಬೇಕಾದರೆ ಕೊಳ್ಳಿ, ರೆಕಾರ್ಡಿಂಗ್‌ಗೆ ಕೊಳ್ಳಬೇಡಿ.

ಇಷ್ಟನ್ನೆಲ್ಲ ಇಟ್ಟುಕೊಂಡು ನೋಡಿದರೆ, ಲ್ಯಾಪ್‌ಟಾಪ್ ಈಗಾಗಲೇ ಇರುವ ನಿಮಗೆ ನನ್ನ ಮೊದಲ ಸಲಹೆ ನಿಮ್ಮ 20,000 ರೂಪಾಯಿ ಸದ್ಯಕ್ಕೆ ಜೇಬಿನಲ್ಲಿಯೇ ಇರಲಿ ಎಂಬುದು. ಹೈಡ್ರೋಜನ್ ಎಂಬ ಡ್ರಮ್ ಸಾಫ್ಟ್‌ವೇರ್ ಉಚಿತ, ಮುಕ್ತ ತಂತ್ರಾಂಶ; ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರಲ್ಲಿ ಪ್ಯಾಟರ್ನ್‌ಗಳನ್ನು ಚೌಕಳಿಯಲ್ಲಿ ಬರೆದು, ಮೇಲಿನ ಪಟ್ಟಿಯಲ್ಲಿ ಪಲ್ಲವಿ ಚರಣಗಳ ಕ್ರಮದಲ್ಲಿ ಜೋಡಿಸುವ ವಿಧಾನ ಹಳೆಯ ಡ್ರಮ್ ಮಷಿನ್‌ಗಳದೇ. ನೀವು ಬಳಸುವ ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೇ ಡ್ರಮ್ ಬೇಕೆಂದರೆ ಎಂಟಿ ಪವರ್ ಡ್ರಮ್ ಕಿಟ್ ಉಚಿತವಾಗಿ ಸಿಗುತ್ತದೆ. ಅದರೊಂದಿಗೆ ಸಿದ್ಧ ನಡೆಗಳೂ ಫಿಲ್‌ಗಳೂ ಬರುತ್ತವೆ. ಹಣ ಕೊಟ್ಟು ಕೊಳ್ಳುವವುಗಳಲ್ಲಿ ಸ್ವೀಡನ್ನಿನ ಟೂನ್‌ಟ್ರ್ಯಾಕ್ ಸಂಸ್ಥೆಯ ಇಜಿ-ಡ್ರಮ್ಮರ್ ಹಾಡು ಕಟ್ಟುವವರ ಮನಸ್ಸು ತಿಳಿದು ಮಾಡಿದಂತಿದೆ. ಮೌಸಿನ ಗುಂಡಿ ಒತ್ತಿ ತಾಳ ಬರೆಯುವುದು ಬೇಸರವೆನಿಸಿದರೆ ಅಕಾಯ್ ಎಲ್‌ಪಿಡಿ8ರಂತಹ, ಬೆರಳಿನಿಂದ ತಟ್ಟುವ ಎಂಟು ಪ್ಯಾಡ್‌ಗಳ ಯುಎಸ್‌ಬಿ ಕಂಟ್ರೋಲರ್ ಸೇರಿಸಿಕೊಳ್ಳಿ. ಅದಕ್ಕೆ ಸ್ವಂತ ಸದ್ದಿಲ್ಲ, ಸೂಚನೆ ಕೊಡುವುದಷ್ಟೇ ಅದರ ಕೆಲಸ.

ಪರದೆಯ ಮುಂದೆ ಕುಳಿತರೆ ಹಾಡೇ ಹುಟ್ಟುವುದಿಲ್ಲ ಎನ್ನುವವರಿದ್ದಾರೆ. ಹಗಲೆಲ್ಲ ಕಂಪ್ಯೂಟರಿನಲ್ಲಿ ದುಡಿದು ಬಂದವರಿಗೆ ಅದು ಸಹಜ. ನೀವೂ ಆ ಪಂಗಡದವರಾದರೆ ಮೇಜಿನ ಮೇಲಿಡುವ ಅಲೆಸಿಸ್ ಎಸ್‌ಆರ್-16 ಇಂದಿಗೂ ನೆಚ್ಚಬಹುದಾದ ಯಂತ್ರ. 1990ರ ದಶಕದ ಆರಂಭದಿಂದ ಹೆಚ್ಚು ಬದಲಾವಣೆಯಿಲ್ಲದೆ ಬಂದಿರುವ ಇದರಲ್ಲಿ 233 ಸದ್ದುಗಳಿವೆ. 50 ಸಿದ್ಧ ಪ್ಯಾಟರ್ನ್‌ಗಳು, ನಾವು ಬರೆಯಲು ಇನ್ನೂ 50ಕ್ಕೆ ಜಾಗ. ಪ್ರತಿ ಪ್ಯಾಟರ್ನ್‌ಗೂ ಎ, ಬಿ ಎಂಬ ಎರಡು ನಡೆಗಳೂ ಅವುಗಳ ಫಿಲ್‌ಗಳೂ ಇರುವುದರಿಂದ ಪಲ್ಲವಿ, ಚರಣ ಎಂದು ಯೋಚಿಸುವ ನಮಗೆ ಅದು ಬೇಗ ಕೈಗೆ ಹತ್ತುತ್ತದೆ. ಕಾಲಿನ ಸ್ವಿಚ್ ಸಿಕ್ಕಿಸಬಹುದು. ನಾಲ್ಕು ಔಟ್‌ಪುಟ್‌ಗಳಿವೆ ಎಂಬುದೇ ನನ್ನ ಕಣ್ಣಿಗೆ ಅದರ ದೊಡ್ಡ ಗುಣ: ಕಿಕ್ ಮತ್ತು ಸ್ನೇರನ್ನು ಎರಡನೆಯ ಜೋಡಿಗೆ ತಿರುಗಿಸಿ, ಲ್ಯಾಪ್‌ಟಾಪಿನಿಂದ ಮಿಡಿ ಕ್ಲಾಕ್ ಕೊಟ್ಟು ಯಂತ್ರವನ್ನು ಅದರ ಲಯಕ್ಕೆ ಕಟ್ಟಿಹಾಕಿ, ಮೊದಲ ಸರದಿಯಲ್ಲಿ ಒಂದು ಜೋಡಿಯನ್ನೂ ಎರಡನೆಯ ಸರದಿಯಲ್ಲಿ ಇನ್ನೊಂದು ಜೋಡಿಯನ್ನೂ ರೆಕಾರ್ಡ್ ಮಾಡಿದರೆ ನಿಮ್ಮ ಎರಡೇ ಇನ್‌ಪುಟ್‌ಗಳಲ್ಲಿ ಕಿಕ್ಕೂ ಸ್ನೇರೂ ಉಳಿದ ಸದ್ದುಗಳಿಂದ ಬೇರೆಯಾದ ಟ್ರ್ಯಾಕ್‌ಗಳಾಗಿ ಬಂದು ಕೂರುತ್ತವೆ. ಮಿಡಿ ಕ್ಲಾಕ್ ಒಂದು ಬೀಟ್‌ಗೆ 24 ಬಾರಿ ಸಂಕೇತ ಕಳಿಸುವುದರಿಂದ ಎರಡೂ ಸರದಿಗಳು ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ಎಸ್‌ಆರ್-16ರಲ್ಲಿ ಯುಎಸ್‌ಬಿ ಇಲ್ಲ, ಹಳೆಯ ದುಂಡು ಮಿಡಿ ಸಾಕೆಟ್ ಇದೆ ಎಂಬುದನ್ನು ಮರೆಯಬೇಡಿ; ಇಂಟರ್‌ಫೇಸಿನಲ್ಲಿ ಆ ಸಾಕೆಟ್ ಇಲ್ಲದಿದ್ದರೆ ಮಿಡಿ–ಯುಎಸ್‌ಬಿ ಕೇಬಲ್ಲನ್ನೂ ಕೊಳ್ಳಬೇಕಾಗುತ್ತದೆ.

ಬೀಟ್‌ಬಡ್ಡಿಯಂತಹ, ಕಾಲಿನಿಂದ ನಡೆಸುವ ಡ್ರಮ್ ಪೆಡಲ್‌ಗಳ ವಿಷಯ ಬೇರೆ. ಒಮ್ಮೆ ತುಳಿದರೆ ಫಿಲ್, ಒತ್ತಿ ಹಿಡಿದರೆ ಮುಂದಿನ ಭಾಗ. ಒಬ್ಬರೇ ವೇದಿಕೆ ಏರುವವರಿಗೆ ಅದು ವರ. ಮನೆಯಲ್ಲಿ ಕುಳಿತು ರೆಕಾರ್ಡ್ ಮಾಡುವವರು ಆ ಅನುಕೂಲಕ್ಕೆ ಅಷ್ಟು ಹಣ ಸುರಿಯಬೇಕಾಗಿಲ್ಲ. ಹಾಗೆಯೇ ರೋಲ್ಯಾಂಡ್‌ನ ಟಿಆರ್-808 ಬಗ್ಗೆ ಬಹಳ ಕೇಳಿರುತ್ತೀರಿ. 1980ರಿಂದ 1983ರವರೆಗೆ ತಯಾರಾದ ಆ ಯಂತ್ರದ ಸದ್ದು ನಿಜವಾದ ಡ್ರಮ್‌ನಂತೆ ಇರಲಿಲ್ಲ; ಮುಂದೆ ಹಿಪ್-ಹಾಪ್ ಮತ್ತು ನೃತ್ಯಸಂಗೀತದವರು ಅದನ್ನು ತಲೆಯ ಮೇಲೆ ಹೊತ್ತದ್ದು ಅದೇ ಕಾರಣಕ್ಕೆ. ಅಕೂಸ್ಟಿಕ್ ಗಿಟಾರಿನ ಹಾಡಿಗೆ ಆ ಬಗೆಯ ಸದ್ದು ಬೇಕೇ ಎಂಬುದನ್ನು ನಿಮ್ಮ ಕಿವಿಯೇ ಹೇಳಬೇಕು.

ಯಾವುದನ್ನೇ ತೆಗೆದುಕೊಂಡರೂ ಮೊದಲ ವಾರ ಒಂದು ನಿರಾಸೆ ಕಾದಿರುತ್ತದೆ: ತಾಳ ಸರಿಯಾಗಿದೆ, ಜೀವವಿಲ್ಲ. ಇದರ ಮೂಲ ಬಹುತೇಕ ಹೈ-ಹ್ಯಾಟ್‌ನಲ್ಲಿರುತ್ತದೆ. ನಾಲ್ಕು ಬೀಟ್‌ಗಳ ಒಂದು ಬಾರ್‌ನಲ್ಲಿ ಹೈ-ಹ್ಯಾಟ್ ಎಂಟು ಬಾರಿ ಬೀಳುತ್ತದೆ ಎನ್ನಿ. ಯಂತ್ರಕ್ಕೆ ಬಿಟ್ಟರೆ ಆ ಎಂಟೂ ಒಂದೇ ಜೋರಿನಲ್ಲಿ ಬೀಳುತ್ತವೆ, ಒಂದು ಕಾಲದಲ್ಲಿ ನಮ್ಮ ಊರಿನ ಹತ್ತಿ ಗಿರಣಿಗಳ ಮಗ್ಗ ಬಡಿಯುತ್ತಿದ್ದ ಹಾಗೆ. ಮಿಡಿಯಲ್ಲಿ ಹೊಡೆತದ ಜೋರನ್ನು 1ರಿಂದ 127ರವರೆಗಿನ ಅಂಕಿಯಲ್ಲಿ ಹೇಳುತ್ತಾರೆ. ಈಗ ಗಿಟಾರ್ ಎತ್ತಿಕೊಂಡು ನಿಮ್ಮ ಬಲಗೈಯನ್ನು ಗಮನಿಸಿ: ಸ್ಟ್ರಮ್ ಮಾಡುವಾಗ ಕೆಳಗಿಳಿಯುವ ಕೈ ಭಾರವಾಗಿ ಬೀಳುತ್ತದೆ, ಮೇಲೇರುವ ಕೈ ಹಗುರವಾಗಿ ತಂತಿಯನ್ನು ಸವರಿಕೊಂಡು ಹೋಗುತ್ತದೆ. ಹೈ-ಹ್ಯಾಟನ್ನೂ ಹಾಗೆಯೇ ಬರೆಯಿರಿ. ಬೀಟಿನ ಮೇಲಿನವು 95ರ ಆಸುಪಾಸು, ನಡುವಿನವು 65ರಿಂದ 75, ನಾಲ್ಕನೇ ಬಾರ್‌ನ ಕೊನೆಯದೊಂದು ತೆರೆದ ಹೈ-ಹ್ಯಾಟ್. ಎರಡು ಮತ್ತು ನಾಲ್ಕನೇ ಬೀಟಿನ ಸ್ನೇರ್‌ನ ಆಚೀಚೆ 30ರ ಸುಮಾರಿನ ಪಿಸುಮಾತಿನಂತಹ ಒಂದೆರಡು ಹೊಡೆತಗಳನ್ನು ಸೇರಿಸಿ ಕೇಳಿ. ಇಷ್ಟು ಮಾಡಿದ ಮೇಲೆ ತಾಳ ನಿಮ್ಮ ಕೈಯನ್ನೇ ಹಿಂಬಾಲಿಸಿ ಬರುತ್ತಿರುವಂತೆ ಅನ್ನಿಸುತ್ತದೆ, ಏಕೆಂದರೆ ಅದು ನಿಜವಾಗಿಯೂ ನಿಮ್ಮ ಕೈಯನ್ನು ನೋಡಿಯೇ ಬರೆದದ್ದು. ಹೊಡೆತಗಳನ್ನು ಮನಬಂದಂತೆ ಅತ್ತಿತ್ತ ಸರಿಸುವ ‘ಹ್ಯೂಮನೈಸ್’ ಗುಂಡಿಯನ್ನು ನಾನು ಹೆಚ್ಚು ನಂಬುವುದಿಲ್ಲ. ಒಳ್ಳೆಯ ಡ್ರಮ್ ವಾದಕ ಲೆಕ್ಕವಿಲ್ಲದೆ ತಪ್ಪುವುದಿಲ್ಲ.

ಕೆಲಸದ ಕ್ರಮದ ಬಗ್ಗೆಯೂ ಒಂದು ಮಾತು. ಮೊದಲು ಕ್ಲಿಕ್ ಹಾಕಿಕೊಂಡು ಹಾಡನ್ನು ಗಿಟಾರಿನಲ್ಲಿ ಒರಟಾಗಿ ರೆಕಾರ್ಡ್ ಮಾಡಿ, ಅದನ್ನು ಕೇಳುತ್ತ ಡ್ರಮ್ ಬರೆದು, ಆಮೇಲೆ ಆ ಡ್ರಮ್ ಜೊತೆ ಗಿಟಾರನ್ನು ಮತ್ತೆ ಚೆನ್ನಾಗಿ ನುಡಿಸಿರಿ. ನುಡಿಸುವಾಗ ನಿಮ್ಮ ಗಿಟಾರ್ ಹೆಡ್‌ಫೋನ್‌ನಲ್ಲಿ ತಡವಾಗಿ ಕೇಳಿಸಿದರೆ ಬಫರ್ ಗಾತ್ರ (ಲ್ಯಾಪ್‌ಟಾಪ್ ಒಮ್ಮೆಗೆ ಎಷ್ಟು ಸದ್ದನ್ನು ಕೂಡಿಟ್ಟುಕೊಳ್ಳುತ್ತದೆ ಎಂಬುದು) ನೋಡಿ: 44.1 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್ ಎಂದರೆ ಸುಮಾರು 11.6 ಮಿಲಿಸೆಕೆಂಡ್, 128 ಎಂದರೆ 2.9. ಹೋಗುವಾಗ ಬರುವಾಗ ಎರಡೂ ಕಡೆ ಈ ತಡ ಸೇರುವುದರಿಂದ ರೆಕಾರ್ಡ್ ಮಾಡುವಾಗ 128ಕ್ಕೆ ಇಳಿಸಿಕೊಳ್ಳಿ. ಡ್ರಮ್ ಮಷಿನನ್ನು ಗಿಟಾರ್ ಆಂಪ್‌ಗೆ ಸಿಕ್ಕಿಸಲೇಬೇಡಿ. ಗಿಟಾರ್ ಆಂಪಿನ ಸ್ಪೀಕರ್ 5 ಕಿಲೋಹರ್ಟ್ಸ್‌ನಿಂದ ಆಚೆಗೆ ಬೇಗ ಕುಗ್ಗುತ್ತದೆ, ಸಿಂಬಲ್ ತಗಡಿನ ಡಬ್ಬಿಯಂತೆ ಕೇಳಿಸುತ್ತದೆ. ಇಂಟರ್‌ಫೇಸಿನಲ್ಲೂ ಗಿಟಾರಿಗಾಗಿ ಇರುವ ‘ಇನ್‌ಸ್ಟ್ರುಮೆಂಟ್’ ಸ್ವಿಚ್ಚನ್ನು ಆಫ್ ಮಾಡಿ ಲೈನ್ ಮಟ್ಟಕ್ಕೆ ತಂದ ಮೇಲೆಯೇ ಯಂತ್ರವನ್ನು ಜೋಡಿಸಬೇಕು.

ಪ್ರಶ್ನೆ: ಚಿತ್ರದುರ್ಗದವನು. ವಚನಗಳಿಗೆ ರಾಗ ಹಾಕಿ ಗಿಟಾರಿನೊಂದಿಗೆ ಹಾಡುತ್ತೇನೆ. ನನ್ನ ಕೆಲವು ಧಾಟಿಗಳು ಮಿಶ್ರ ಛಾಪಿನಲ್ಲಿವೆ. ಸ್ನೇಹಿತರ ಡ್ರಮ್ ಮಷಿನ್‌ನಲ್ಲಿ ಎಲ್ಲವೂ ನಾಲ್ಕರ ಲೆಕ್ಕದಲ್ಲೇ ಇದೆ. ಏಳರ ತಾಳ ನುಡಿಸುವ ಯಂತ್ರ ಬೇರೆ ಇದೆಯೇ?

ಉತ್ತರ: ಬೇರೆ ಬೇಕಾಗಿಲ್ಲ, ಅದೇ ಯಂತ್ರ ಸಾಕಾಗಬಹುದು, ಅದರ ಪ್ಯಾಟರ್ನ್ ಉದ್ದವನ್ನು ಬದಲಿಸಲು ಬರುತ್ತದೆಯೇ ಎಂಬುದನ್ನಷ್ಟೇ ನೋಡಬೇಕು. ಹದಿನಾರು ಗುಂಡಿಗಳ ಸಾಲಿರುವ ಯಂತ್ರದಲ್ಲಿ ಪ್ರತಿ ಗುಂಡಿ ಬೀಟಿನ ಕಾಲುಭಾಗ. ಕೊನೆಯ ಹೆಜ್ಜೆಯನ್ನು 16ರ ಬದಲು 14 ಎಂದು ಗೊತ್ತುಪಡಿಸಿ. ಒಂದು ಅಕ್ಷರಕ್ಕೆ ಎರಡು ಹೆಜ್ಜೆಯಂತೆ ಏಳು ಅಕ್ಷರಗಳು ಸಿಕ್ಕವು. ಮಿಶ್ರ ಛಾಪಿನ ಮೂರು, ಎರಡು, ಎರಡು ಎಂಬ ವಿಂಗಡಣೆಯಲ್ಲಿ, ಅಂದರೆ ತಕಿಟ ತಕ ಧಿಮಿ ಎನ್ನುವಾಗ, ಗುಂಪುಗಳು ಶುರುವಾಗುವುದು 1, 7 ಮತ್ತು 11ನೇ ಹೆಜ್ಜೆಗಳಲ್ಲಿ. ಒಂದನೆಯದಕ್ಕೆ ಕಿಕ್, ಉಳಿದೆರಡಕ್ಕೆ ಸ್ನೇರ್ ಅಥವಾ ರಿಮ್ (ಸ್ನೇರ್‌ನ ಅಂಚಿನ ಪೆಟ್ಟು), ಅಕ್ಷರಕ್ಕೊಂದರಂತೆ ಹಗುರ ಹೈ-ಹ್ಯಾಟ್ ಇಟ್ಟು ಕೇಳಿ. ಕೈಯಲ್ಲಿ ತಾಳ ಹಾಕುತ್ತ ಕೂತರೆ ಎರಡನೇ ಆವರ್ತಕ್ಕೇ ಹಿಡಿತ ಸಿಗುತ್ತದೆ. ಐದು ಅಕ್ಷರಗಳ ಖಂಡ ಛಾಪಿಗೆ ಕೊನೆಯ ಹೆಜ್ಜೆ 10, ಗುಂಪುಗಳು 1 ಮತ್ತು 5ರಲ್ಲಿ.

ಕೆಲವು ಯಂತ್ರಗಳು ಉದ್ದವನ್ನು ಪೂರ್ಣ ಬೀಟ್‌ಗಳಲ್ಲಿ ಮಾತ್ರ ಕೇಳುತ್ತವೆ. ಏಳು ಅಕ್ಷರ ಎಂದರೆ ಅವುಗಳ ಲೆಕ್ಕದಲ್ಲಿ ಮೂರೂವರೆ ಬೀಟ್, ಅದನ್ನು ಒಪ್ಪುವುದಿಲ್ಲ. ಆಗ ಎರಡು ಆವರ್ತಗಳನ್ನು ಸೇರಿಸಿ 7 ಬೀಟ್‌ಗಳ ಒಂದೇ ಪ್ಯಾಟರ್ನ್ ಮಾಡಿಕೊಳ್ಳಿ. ಇನ್ನೊಂದು ಎಚ್ಚರ: ಯಂತ್ರದ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಅಂಕಿ) ನಿಮ್ಮ ಎರಡು ಅಕ್ಷರಗಳಿಗೆ ಒಂದರಂತೆ ಎಣಿಸುತ್ತದೆ. ನಿಮಿಷಕ್ಕೆ 160 ಅಕ್ಷರಗಳ ವೇಗ ಬೇಕಿದ್ದರೆ 80 ಎಂದು ಕೊಡಿ. ಇದನ್ನು ತಿಳಿಯದೆ 160 ಕೊಟ್ಟು, ವಚನ ರೈಲಿನಂತೆ ಓಡಿತೆಂದು ಯಂತ್ರವನ್ನು ಬೈದವರನ್ನು ನಾನು ಬಲ್ಲೆ. ಅಂದ ಹಾಗೆ, ವಚನಕ್ಕೆ ಪೂರ್ಣ ಡ್ರಮ್ ಸೆಟ್ ಬೇಕೇ ಎಂದು ಒಮ್ಮೆ ಯೋಚಿಸಿ. ಕಿಕ್, ರಿಮ್, ಶೇಕರ್ ಮೂರೇ ಇಟ್ಟು ಉಳಿದದ್ದನ್ನು ಆಫ್ ಮಾಡಿದರೆ ಮಾತು ಮುಂದೆ ಬರುತ್ತದೆ.

ಪ್ರಶ್ನೆ: ಮಗಳು ಕಲಿಯುತ್ತಿರುವ ಯಮಹಾ ಪಿಎಸ್‌ಆರ್ ಕೀಬೋರ್ಡ್ ಮನೆಯಲ್ಲಿದೆ. ಅದರ ರಿದಂ ಬಳಸಿ ನನ್ನ ಗಿಟಾರ್ ರೆಕಾರ್ಡ್ ಮಾಡಬಹುದೇ? — ದಾವಣಗೆರೆ

ಉತ್ತರ: ಧಾರಾಳವಾಗಿ ಮಾಡಬಹುದು. ‘ಸ್ಟೈಲ್’ ಎಂಬ ವಿಭಾಗ ವಾಸ್ತವದಲ್ಲಿ ಒಂದು ಡ್ರಮ್ ಮಷಿನ್ನೇ; ಆರಂಭ, ಮುಖ್ಯ ನಡೆ, ಫಿಲ್, ಮುಕ್ತಾಯ ಎಲ್ಲವೂ ಗುಂಡಿಗಳಲ್ಲಿವೆ. ಎಸಿಎಂಪಿ ಗುಂಡಿಯನ್ನು ಆಫ್ ಮಾಡಿದರೆ ಎಡಗೈ ಕಾರ್ಡ್‌ಗಳಿಗೆ ಬರುವ ಬಾಸ್, ಪಿಯಾನೊ ಇತ್ಯಾದಿ ನಿಂತು ರಿದಂ ಮಾತ್ರ ಉಳಿಯುತ್ತದೆ. ಹೆಡ್‌ಫೋನ್ ಸಾಕೆಟ್ಟಿನಿಂದ, ಒಂದು ಕಡೆ ಸ್ಟೀರಿಯೊ ಪಿನ್ನೂ ಇನ್ನೊಂದು ಕಡೆ ಎರಡು ಮೊನೊ ಪಿನ್ನುಗಳೂ ಇರುವ ಕೇಬಲ್ ಹಾಕಿ ಇಂಟರ್‌ಫೇಸಿಗೆ ಕೊಡಿ. ವಾಲ್ಯೂಮನ್ನು ಅರ್ಧದ ಆಸುಪಾಸಿನಲ್ಲಿಡಿ. ಸಿದ್ಧ ನಡೆಗಳನ್ನು ಒಳಹೊಕ್ಕು ತಿದ್ದುವ ಸೌಲಭ್ಯ ಚಿಕ್ಕ ಮಾದರಿಗಳಲ್ಲಿ ಇಲ್ಲದಿರುವುದೊಂದೇ ಕೊರತೆ. ಮಗಳ ಅಭ್ಯಾಸದ ಹೊತ್ತನ್ನು ಕೇಳಿಕೊಂಡು ಕೂರುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಹಳೆಯ ಡ್ರಮ್ ಮಷಿನ್ ಒಂದು ಅಗ್ಗವಾಗಿ ಸಿಗುತ್ತಿದೆ. ಕೊಳ್ಳುವ ಮೊದಲು ಏನು ನೋಡಬೇಕು? — ಚಿತ್ರದುರ್ಗ

ಉತ್ತರ: ಮೊದಲು ಅಡಾಪ್ಟರ್ ನೋಡಿ. ಹೊರದೇಶದಿಂದ ಬಂದ ಯಂತ್ರವಾದರೆ ಅದು ಜಪಾನಿನ 100 ವೋಲ್ಟ್‌ಗೋ ಅಮೆರಿಕದ 120 ವೋಲ್ಟ್‌ಗೋ ಮಾಡಿದ್ದಾಗಿರಬಹುದು. ನಮ್ಮ 230 ವೋಲ್ಟ್ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಅಡಾಪ್ಟರ್ ಕಳೆದುಹೋಗಿದೆ ಎಂದು ಮಾರುವವರು ಹೇಳಿದರೆ ಗಿಟಾರ್ ಪೆಡಲಿನದನ್ನು ಸಿಕ್ಕಿಸುವ ಆತುರ ಬೇಡ. ಎರಡರ ಮೇಲೂ 9 ವೋಲ್ಟ್ ಎಂದಿದ್ದರೂ ಹಳೆಯ ಕೆಲವು ಯಂತ್ರಗಳು ಎಸಿ ಕೇಳುತ್ತವೆ, ಪೆಡಲಿನದು ಡಿಸಿ. ಯಂತ್ರದ ಹಿಂಬದಿಯ ಬರಹವನ್ನು ಓದಿ, ಅದು ಕೇಳಿದ್ದನ್ನೇ ಕೊಡಬೇಕು.

ಎರಡನೆಯದು, ಒಳಗಿನ ಬ್ಯಾಟರಿ. ಹಳೆಯ ಅನೇಕ ಯಂತ್ರಗಳು ನಾವು ಬರೆದ ಪ್ಯಾಟರ್ನ್‌ಗಳನ್ನು ನಾಣ್ಯದಂತಹ ಚಿಕ್ಕ ಲಿಥಿಯಂ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಬಹಳ ಹಿಂದೆ ನಾನು ಒಬ್ಬರಿಂದ ಇಂತಹ ಯಂತ್ರ ಕೊಂಡು, ಮೂರು ವಾರ ಕುಳಿತು ಐದು ಹಾಡುಗಳ ತಾಳ ಬರೆದಿದ್ದೆ. ಯಂತ್ರವನ್ನು ಆಫ್ ಮಾಡುವ ಅಭ್ಯಾಸ ನನಗಿರಲಿಲ್ಲವಾದ್ದರಿಂದ ಬ್ಯಾಟರಿ ಸತ್ತಿರುವುದು ತಿಳಿದಿರಲಿಲ್ಲ. ಒಂದು ಸಂಜೆ ಮಳೆಗಾಳಿಗೆ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಪರದೆಯ ಮೇಲೆ ಎಲ್ಲ ಪ್ಯಾಟರ್ನ್‌ಗಳ ಎದುರೂ ಖಾಲಿ ಎಂದಿತ್ತು. ಆದ್ದರಿಂದ ನೀವು ಮಾರುವವರ ಮುಂದೆಯೇ ಒಂದು ಚಿಕ್ಕ ಪ್ಯಾಟರ್ನ್ ಬರೆದು ಉಳಿಸಿ, ಪ್ಲಗ್ ಕಿತ್ತು, ಒಂದು ಚಹಾ ಕುಡಿದು ಬಂದು ಮತ್ತೆ ಹಾಕಿ ನೋಡಿ. ಬ್ಯಾಟರಿ ಬದಲಿಸುವುದು ಬಹುತೇಕ ಯಂತ್ರಗಳಲ್ಲಿ ದೊಡ್ಡ ಖರ್ಚಲ್ಲ, ಆದರೆ ಕೆಲವದರಲ್ಲಿ ಅದನ್ನು ಬೆಸುಗೆ ಹಾಕಿರುತ್ತಾರೆ. ಆ ಚೌಕಾಸಿ ಹಣ ಕೊಡುವ ಮೊದಲೇ ಆಗಲಿ.

ಉಳಿದಂತೆ ಎಲ್ಲ ಪ್ಯಾಡ್‌ಗಳನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ತಟ್ಟಿ. ಸವೆದ ಪ್ಯಾಡ್ ಮೆಲ್ಲಗಿನ ಪೆಟ್ಟಿಗೆ ಸುಮ್ಮನಿರುತ್ತದೆ, ಇಲ್ಲವೇ ಒಂದೇ ಪೆಟ್ಟಿಗೆ ಎರಡು ಬಾರಿ ನುಡಿಯುತ್ತದೆ. ಔಟ್‌ಪುಟ್ ಸಾಕೆಟ್ಟಿಗೆ ಕೇಬಲ್ ಹಾಕಿ ಅಲುಗಾಡಿಸಿದಾಗ ಗರಗರ ಎಂದರೆ ಬೆಲೆ ಇಳಿಸಿ ಕೇಳಿ. ಮಿಡಿ ಕೇಬಲ್ ಒಂದನ್ನು ಜೊತೆಗೇ ಒಯ್ದು ಲ್ಯಾಪ್‌ಟಾಪಿನಿಂದ ಲಯ ಕೊಟ್ಟು ನೋಡಿ. ಯಂತ್ರ ಆ ಲಯಕ್ಕೆ ಓಡಿದರೆ ಕೊಂಡ ದಿನವೇ ನೀವು ಬರೆದ ಪ್ಯಾಟರ್ನ್‌ಗಳನ್ನು ಯಂತ್ರದ ಮಿಡಿ ಔಟ್‌ನಿಂದ ಲ್ಯಾಪ್‌ಟಾಪಿನ ಮಿಡಿ ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.